ವಿಕ್ಟೋರಿಯಾ ಯುಗದ ಕಾದಂಬರಿಗಳ ಪ್ರಥಮಾವೃತ್ತಿಯನ್ನು ಗುರುತಿಸುವ ಬಗೆ

ವಿಕ್ಟೋರಿಯಾ ರಾಣಿಯ ಆಳಿಕೆ ೧೮೩೭ರಿಂದ ೧೯೦೧ರ ವರೆಗೆ ನಡೆಯಿತು. ಇಂಗ್ಲಿಷ್ ಕಾದಂಬರಿಯ ಸುಗ್ಗಿಯ ಕಾಲವೂ ಅದೇ. ಡಿಕನ್ಸ್, ಥ್ಯಾಕರೆ, ಬ್ರಾಂಟೆ ಸೋದರಿಯರು, ಜಾರ್ಜ್ ಎಲಿಯಟ್, ಹಾರ್ಡಿ ಮೊದಲಾದವರ ಕೃತಿಗಳನ್ನು ಪಠ್ಯವಾಗಿ ಓದಿದವರೂ ಕಲಿಸಿದವರೂ ನಮ್ಮ ಅಧ್ಯಾಪಕ ಬಂಧುಗಳಲ್ಲಿ ಅನೇಕರಿದ್ದಾರೆ. ಗಡಿನಾಡಿನ ಹಳೆಯ ಹೈಸ್ಕೂಲುಗಳ ಕಪಾಟುಗಳಲ್ಲಿ, ಹಿಂದಿನ ತಲೆಮಾರಿನ ವಕೀಲರ, ವೈದ್ಯರ ಮನೆಯ ಅಟ್ಟಗಳಲ್ಲಿ ಈ ಕೃತಿಗಳ ಹಳೆಯ ಪ್ರತಿಗಳು ಇಂದಿಗೂ ಅಲ್ಲಲ್ಲಿ ದೊರೆಯುವುದುಂಟು. ಅಂಥ ಪುಸ್ತಕಕ್ಕೆ ಒದಗುವ ಗತಿ ಸಾಮಾನ್ಯವಾಗಿ ಎರಡರಲ್ಲೊಂದು. ಹಾಳೆ ಹಳದಿಯಾಗಿದೆ, ಬೆನ್ನು ಹರಿದಿದೆ ಎಂದು ಅದು ರದ್ದಿಯ ಪಟ್ಟಿಗೆ ಸೇರುತ್ತದೆ. ಇಲ್ಲವೆ ಹಳೆಯದೆಂಬ ಒಂದೇ ಕಾರಣಕ್ಕೆ 'ಪ್ರಥಮಾವೃತ್ತಿ' ಎನಿಸಿಕೊಂಡು ಗಾಜಿನ ಕಪಾಟಿನೊಳಗೆ ಬೀಗ ಹಾಕಿಸಿಕೊಳ್ಳುತ್ತದೆ. ಎರಡೂ ಪರೀಕ್ಷೆಯಿಲ್ಲದೆ ಕೊಟ್ಟ ತೀರ್ಪುಗಳೇ. ಪರೀಕ್ಷೆಯ ಕ್ರಮವೇನು, ಯಾವ ಗುರುತನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ಇಲ್ಲಿ ವಿವರಿಸುವುದು ನಮ್ಮ ಉದ್ದೇಶ.

ಪ್ರಥಮಾವೃತ್ತಿಯಿಂದ ಏನು ಪ್ರಯೋಜನ?

ಪ್ರಥಮಾವೃತ್ತಿಯೆಂದೊಡನೆ ಬೆಲೆಯ ಮಾತು ಮುಂದೆ ಬರುವುದು ಲೋಕರೂಢಿ. ಆದರೆ ಸಾಹಿತ್ಯಾಭ್ಯಾಸಿಗೆ ಅದಕ್ಕಿಂತ ಮುಖ್ಯವಾದ ಪ್ರಯೋಜನ ಬೇರೆ ಇದೆ. ಲೇಖಕನು ಪುಸ್ತಕರೂಪದಲ್ಲಿ ಓದುಗರ ಮುಂದೆ ಮೊದಲು ಇಟ್ಟ ಪಾಠ ಯಾವುದು ಎಂಬುದನ್ನು ಅದು ತಿಳಿಸುತ್ತದೆ. ಹಾರ್ಡಿಯ 'ಟೆಸ್' ಕಾದಂಬರಿ ೧೮೯೧ರಲ್ಲಿ 'ದಿ ಗ್ರಾಫಿಕ್' ಎಂಬ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಮನೆಮಂದಿಯೆಲ್ಲ ಓದುವ ಪತ್ರಿಕೆಯಾದ ಕಾರಣ ಟೆಸ್ ವಂಚನೆಗೊಳಗಾಗುವ ಪ್ರಸಂಗವನ್ನೂ, ಸಾಯುತ್ತಿರುವ ಕೂಸಿಗೆ ಅವಳೇ ಜ್ಞಾನಸ್ನಾನ ಮಾಡಿಸುವ ಪ್ರಸಂಗವನ್ನೂ ಅಲ್ಲಿ ಬಿಡಬೇಕಾಯಿತು. ನೀರು ತುಂಬಿದ ಹಾದಿಯಲ್ಲಿ ಏಂಜೆಲ್ ಕ್ಲೇರ್ ಹಾಲು ಕರೆಯುವ ಹುಡುಗಿಯರನ್ನು ತೋಳಿನಲ್ಲಿ ಎತ್ತಿಕೊಂಡು ದಾಟಿಸುವುದೂ ಸಂಪಾದಕರಿಗೆ ಒಪ್ಪಿಗೆಯಾಗಲಿಲ್ಲ. ಪತ್ರಿಕೆಯಲ್ಲಿ ಅವನು ಅವರನ್ನು ಕೈಗಾಡಿಯಲ್ಲಿ ಕುಳ್ಳಿರಿಸಿ ದಾಟಿಸಿದನು. ಅದೇ ವರ್ಷದ ಕೊನೆಗೆ ಆಸ್‌ಗುಡ್, ಮೆಕಿಲ್ವೇನ್ ಎಂಬ ಪ್ರಕಾಶನ ಸಂಸ್ಥೆ ಕಾದಂಬರಿಯನ್ನು ಮೂರು ಸಂಪುಟಗಳಲ್ಲಿ ಹೊರತಂದಾಗ ಹಾರ್ಡಿ ತನ್ನ ಮೂಲ ಪ್ರಸಂಗಗಳನ್ನು ಮರಳಿ ಸೇರಿಸಿದನು. ಮುಂದಿನ ಆವೃತ್ತಿಗಳಲ್ಲಿ ಮತ್ತೂ ತಿದ್ದಿದನು. ಹೀಗಿರುವಲ್ಲಿ 'ಟೆಸ್' ಓದಿದೆವೆಂದರೆ ಯಾವ 'ಟೆಸ್' ಎಂಬ ಪ್ರಶ್ನೆ ಏಳದೆ ಇರದು. ಆವೃತ್ತಿಯನ್ನು ಗುರುತಿಸದೆ ಮಾಡಿದ ಪಾಠವಿಮರ್ಶೆ ಅಡಿಪಾಯವಿಲ್ಲದ ಗೋಡೆಯಂತೆ.

ಪರಿಭಾಷೆಯ ವಿಚಾರ

ಮೊದಲು ನಾಲ್ಕು ಮಾತುಗಳ ಅರ್ಥವನ್ನು ಸ್ಪಷ್ಟ ಮಾಡಿಕೊಳ್ಳೋಣ. ಒಂದು ಸಲ ಜೋಡಿಸಿದ ಅಚ್ಚುಮೊಳೆಗಳಿಂದ, ಅಥವಾ ಅವುಗಳಿಂದ ಎರಕ ಹೊಯ್ದ ಫಲಕಗಳಿಂದ ತೆಗೆದ ಪ್ರತಿಗಳೆಲ್ಲ ಸೇರಿ ಒಂದು ಆವೃತ್ತಿ. ಯಂತ್ರದ ಮೇಲೆ ಒಂದು ಸಲ ಏರಿಸಿ ತೆಗೆದ ಪ್ರತಿಗಳು ಒಂದು ಮುದ್ರಣ. ಒಂದೇ ಆವೃತ್ತಿಗೆ ಹಲವು ಮುದ್ರಣಗಳಿರಬಹುದು. ಅಚ್ಚಾದ ಹಾಳೆಗಳು ಅವೇ ಆಗಿದ್ದು, ಹೊಸ ಶೀರ್ಷಿಕೆಪುಟದೊಡನೆ ಬೇರೆಯಾಗಿ ಮಾರಾಟಕ್ಕೆ ಬಂದರೆ ಅದು ಬೇರೆ ಬಿಡುಗಡೆ. ಅಚ್ಚಾಗುತ್ತಿರುವಾಗಲೇ ತಪ್ಪೊಂದನ್ನು ತಿದ್ದಿದುದರಿಂದ ಪ್ರತಿಪ್ರತಿಗಳಲ್ಲಿ ಕಾಣುವ ವ್ಯತ್ಯಾಸಕ್ಕೆ ಸ್ಥಿತಿ ಎಂದು ಹೆಸರಿಡಬಹುದು. ಸಂಗ್ರಾಹಕರು 'ಪ್ರಥಮಾವೃತ್ತಿ' ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಪ್ರಥಮಾವೃತ್ತಿಯ ಪ್ರಥಮ ಮುದ್ರಣ.

'ಆಲಿಸ್ ಇನ್ ವಂಡರ್‌ಲ್ಯಾಂಡ್' ಎಂದು ಎಲ್ಲರೂ ಕರೆಯುವ ಲೂಯಿ ಕ್ಯಾರಲನ ಮಕ್ಕಳ ಕಥೆ ಕಾದಂಬರಿಯ ವರ್ಗಕ್ಕೆ ಸೇರದಿದ್ದರೂ ಈ ಭೇದವನ್ನು ತೋರಿಸಲು ಅದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ೧೮೬೫ರಲ್ಲಿ ಆಕ್ಸ್‌ಫರ್ಡಿನಲ್ಲಿ ಅದರ ೨,೦೦೦ ಪ್ರತಿಗಳು ಅಚ್ಚಾದುವು. ಚಿತ್ರಕಾರ ಟೆನ್ನಿಯೆಲ್ ಚಿತ್ರಗಳ ಅಚ್ಚು ಚೆನ್ನಾಗಿಲ್ಲವೆಂದು ಆಕ್ಷೇಪಿಸಿದ್ದರಿಂದ ಅವನ್ನು ಹಿಂದೆಗೆದುಕೊಂಡು, ರಿಚರ್ಡ್ ಕ್ಲೇ ಎಂಬ ಮುದ್ರಕನಿಂದ ಹೊಸದಾಗಿ ಅಚ್ಚು ಹಾಕಿಸಿದರು. ಹೊಸ ಪುಸ್ತಕ ೧೮೬೫ರ ನವೆಂಬರಿನಲ್ಲಿ ಹೊರಬಂದರೂ ಅದರ ಮೇಲಿನ ವರ್ಷ ೧೮೬೬. ಹಿಂದೆಗೆದುಕೊಂಡ ಹಾಳೆಗಳು ನ್ಯೂಯಾರ್ಕಿನ ಆ್ಯಪಲ್‌ಟನ್ ಸಂಸ್ಥೆಗೆ ಮಾರಾಟವಾಗಿ, ೧೮೬೬ ಎಂಬ ಹೊಸ ಶೀರ್ಷಿಕೆಪುಟದೊಡನೆ ಅಮೆರಿಕದಲ್ಲಿ ಹೊರಬಂದುವು. ಎರಡು ಪುಸ್ತಕಗಳ ಮೇಲೂ ವರ್ಷ ಒಂದೇ. ಆದರೆ ನ್ಯೂಯಾರ್ಕಿನ ಪ್ರತಿಯ ಒಳಹಾಳೆಗಳೇ ಮೊದಲು ಅಚ್ಚಾದುವು. ಶೀರ್ಷಿಕೆಪುಟದ ವರ್ಷವೊಂದನ್ನೇ ನೆಚ್ಚಬಾರದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಡ.

ಹೊರಬಂದ ರೂಪ

ಪರೀಕ್ಷೆಯ ಮೊದಲ ಮೆಟ್ಟಿಲು ಪುಸ್ತಕದ ರೂಪ. ಆ ಕಾಲದ ಕಾದಂಬರಿಗಳು ಮುಖ್ಯವಾಗಿ ಎರಡು ರೂಪಗಳಲ್ಲಿ ಹೊರಬರುತ್ತಿದ್ದುವು.

ಒಂದನೆಯದು ಮೂರು ಸಂಪುಟಗಳ ಕಾದಂಬರಿ. ಇದರ ಬೆಲೆ ೩೧ ಷಿಲಿಂಗ್ ೬ ಪೆನ್ಸ್. ಎಂದರೆ ಒಂದೂವರೆ ಗಿನಿ. ೧೮೨೧ರಲ್ಲಿ ಸ್ಕಾಟನ 'ಕೆನಿಲ್‌ವರ್ತ್' ಕಾದಂಬರಿಗೆ ಇಟ್ಟ ಈ ಬೆಲೆಯೇ ಮುಂದೆ ರೂಢಿಯಾಗಿ ನಿಂತಿತು. ಇಷ್ಟು ಹಣ ಕೊಟ್ಟು ಕೊಳ್ಳುವ ಓದುಗರು ಕಡಿಮೆ. ಕೊಳ್ಳುತ್ತಿದ್ದವು ಚಂದಾ ಗ್ರಂಥಾಲಯಗಳು. ೧೮೪೨ರಲ್ಲಿ ಆರಂಭವಾದ ಮೂಡಿಯ ಗ್ರಂಥಾಲಯ ಅವುಗಳಲ್ಲಿ ಪ್ರಸಿದ್ಧವಾದುದು. ವರ್ಷಕ್ಕೆ ಒಂದು ಗಿನಿ ಕೊಟ್ಟವರಿಗೆ ಅಲ್ಲಿ ಒಂದು ಸಲಕ್ಕೆ ಒಂದು ಸಂಪುಟ ದೊರೆಯುತ್ತಿತ್ತು. ಕಾದಂಬರಿ ಮೂರು ಸಂಪುಟಗಳಾಗಿದ್ದರೆ ಮೂವರು ಚಂದಾದಾರರು ಏಕಕಾಲಕ್ಕೆ ಓದಬಹುದು. ಆದುದರಿಂದ ಗ್ರಂಥಾಲಯಕ್ಕೆ ಈ ರೂಪ ಲಾಭಕರವಾಗಿತ್ತು. ೧೮೯೪ರಲ್ಲಿ ಮೂಡಿಯೂ ಡಬ್ಲ್ಯೂ. ಎಚ್. ಸ್ಮಿತ್ ಗ್ರಂಥಾಲಯವೂ ಸಂಪುಟವೊಂದಕ್ಕೆ ೪ ಷಿಲಿಂಗಿಗಿಂತ ಹೆಚ್ಚು ಕೊಡುವುದಿಲ್ಲವೆಂದು ಸಾರಿದ ಮೇಲೆ ಮೂರು ಸಂಪುಟದ ಕಾದಂಬರಿ ಕೆಲವೇ ವರ್ಷಗಳಲ್ಲಿ ಅಳಿಯಿತು. ೬ ಷಿಲಿಂಗಿನ ಒಂದೇ ಸಂಪುಟ ಅದರ ಸ್ಥಾನಕ್ಕೆ ಬಂತು.

ಈ ಇತಿಹಾಸದಿಂದ ಒಂದು ಉಪಯುಕ್ತವಾದ ನಿಯಮ ದೊರೆಯುತ್ತದೆ. ಮೂರು ಸಂಪುಟಗಳಲ್ಲಿ ಮೊದಲು ಹೊರಟ ಕೃತಿ ಒಂದೇ ಸಂಪುಟವಾಗಿ ನಮ್ಮ ಕೈಗೆ ಬಂದರೆ, ಅದು ಅಗ್ಗದ ಮರುಮುದ್ರಣವೇ ಹೊರತು ಪ್ರಥಮಾವೃತ್ತಿಯಲ್ಲ. ಎಮಿಲಿ ಬ್ರಾಂಟೆಯ 'ವದರಿಂಗ್ ಹೈಟ್ಸ್' ೧೮೪೭ರ ಡಿಸೆಂಬರಿನಲ್ಲಿ ನ್ಯೂಬಿ ಎಂಬ ಪ್ರಕಾಶಕನಿಂದ ಹೊರಬಂದಾಗ ಮೊದಲಿನ ಎರಡು ಸಂಪುಟಗಳಲ್ಲಿ ಅಚ್ಚಾಗಿತ್ತು. ಮೂರನೆಯ ಸಂಪುಟ ತಂಗಿ ಆ್ಯನಳ 'ಆ್ಯಗ್ನೆಸ್ ಗ್ರೇ'. ಒಂದೇ ಸಂಪುಟದ 'ವದರಿಂಗ್ ಹೈಟ್ಸ್' ಎಷ್ಟು ಹಳೆಯದಾದರೂ ಪ್ರಥಮಾವೃತ್ತಿಯಾಗಲಾರದು. ಆದರೆ ನಿಯಮಕ್ಕೆ ಅಪವಾದಗಳೂ ಇವೆ. ನಮ್ಮಲ್ಲಿ ಅನೇಕರು ಪಠ್ಯವಾಗಿ ಬಲ್ಲ ಜಾರ್ಜ್ ಎಲಿಯಟಳ 'ಸೈಲಸ್ ಮಾರ್ನರ್' ೧೮೬೧ರಲ್ಲಿ ಮೊದಲೇ ಒಂದು ಸಂಪುಟವಾಗಿ ಬಂದಿತು. ಅವಳ 'ಮಿಡ್ಲ್‌ಮಾರ್ಚ್' ೧೮೭೧ರ ಡಿಸೆಂಬರಿನಿಂದ ಒಂದು ವರ್ಷದ ಅವಧಿಯಲ್ಲಿ, ತಲಾ ೫ ಷಿಲಿಂಗಿನ ಎಂಟು ಭಾಗಗಳಾಗಿ ಬಂದಿತು. ಆದಕಾರಣ ಕೃತಿಕೃತಿಗೆ ಅದರ ಪ್ರಕಟನೆಯ ಚರಿತ್ರೆಯನ್ನು ಮೊದಲು ತಿಳಿದುಕೊಳ್ಳಬೇಕು.

ಎರಡನೆಯ ರೂಪ ಮಾಸಿಕ ಕಂತುಗಳದು. ಡಿಕನ್ಸನ 'ಪಿಕ್‌ವಿಕ್ ಪೇಪರ್ಸ್' ೧೮೩೬ರ ಏಪ್ರಿಲಿನಿಂದ ೧೮೩೭ರ ನವೆಂಬರಿನ ವರೆಗೆ ಕಂತಿಗೆ ಒಂದು ಷಿಲಿಂಗಿನಂತೆ ಹೊರಬಂದಿತು. ಅದು ಗೆದ್ದ ಮೇಲೆ ಈ ಪದ್ಧತಿ ನೆಲೆಗೊಂಡಿತು: ಕಂತಿಗೆ ೩೨ ಪುಟಗಳು, ಎರಡು ಚಿತ್ರಗಳು, ಕಾಗದದ ಹೊದಿಕೆ, ಒಳಗೆ ಜಾಹೀರಾತುಗಳು. ಕೊನೆಯ ಜೋಡಿ ಕಂತಿನಲ್ಲಿ ಶೀರ್ಷಿಕೆಪುಟ, ಮುನ್ನುಡಿ, ವಿಷಯಸೂಚಿಗಳನ್ನು ಕೊಡುತ್ತಿದ್ದರು. ಚಂದಾದಾರರು ಎಲ್ಲವನ್ನೂ ಕೂಡಿಸಿ ತಮಗೆ ಬೇಕಾದಂತೆ ಬೈಂಡು ಮಾಡಿಸಿಕೊಳ್ಳುತ್ತಿದ್ದರು. ಇಂಥ ಪ್ರತಿಯಲ್ಲಿ ಹಾಳೆಗಳ ಒಳ ಅಂಚಿನ ಹತ್ತಿರ ಹಳೆಯ ಹೊಲಿಗೆಯ ಸೂಜಿತೂತುಗಳು ಸಾಲಾಗಿ ಕಾಣಬಹುದು. ಅವು ಕಂತುಗಳಿಂದ ಕಟ್ಟಿದ ಪುಸ್ತಕವೆಂಬುದಕ್ಕೆ ಸಾಕ್ಷಿ.

ಶೀರ್ಷಿಕೆಪುಟದ ಸಾಕ್ಷ್ಯ

ರೂಪವನ್ನು ನೋಡಿದ ಮೇಲೆ ಶೀರ್ಷಿಕೆಪುಟವನ್ನು ಓದಬೇಕು. ಪ್ರಕಾಶಕನ ಹೆಸರು, ಊರು, ವರ್ಷ ಇವಿಷ್ಟೇ ಅಲ್ಲ. ಲೇಖಕನ ಹೆಸರನ್ನು ಹೇಗೆ ಕೊಟ್ಟಿದೆ ಎಂಬುದೂ ಮುಖ್ಯ. 'ಜೇನ್ ಏರ್' ೧೮೪೭ರ ಅಕ್ಟೋಬರಿನಲ್ಲಿ ಸ್ಮಿತ್, ಎಲ್ಡರ್ ಸಂಸ್ಥೆಯಿಂದ ಹೊರಬಂದಾಗ ಅದು ಒಂದು ಆತ್ಮಕಥೆಯೆಂದೂ, ಕರರ್ ಬೆಲ್ ಎಂಬವರು ಅದನ್ನು ಸಂಪಾದಿಸಿದವರೆಂದೂ ಶೀರ್ಷಿಕೆಪುಟ ಹೇಳುತ್ತಿತ್ತು. ಥ್ಯಾಕರೆಗೆ ಮಾಡಿದ ಅರ್ಪಣೆಯೂ ಮುನ್ನುಡಿಯೂ ಸೇರಿದುದು ೧೮೪೮ರ ಜನವರಿಯ ಎರಡನೆಯ ಆವೃತ್ತಿಯಲ್ಲಿ. ಅರ್ಪಣೆಯಿರುವ ಪ್ರತಿಯನ್ನು ಪ್ರಥಮಾವೃತ್ತಿಯೆನ್ನಲು ಬರುವುದಿಲ್ಲ. 'ಆಲಿವರ್ ಟ್ವಿಸ್ಟ್' ೧೮೩೮ರ ನವೆಂಬರಿನಲ್ಲಿ ಮೂರು ಸಂಪುಟಗಳಾಗಿ ಬಂದಾಗ ಲೇಖಕನ ಹೆಸರು 'ಬಾಜ್' ಎಂದಿತ್ತು. ಕೆಲವೇ ದಿನಗಳಲ್ಲಿ ಅದನ್ನು ತೆಗೆದು 'ಚಾರ್ಲ್ಸ್ ಡಿಕನ್ಸ್' ಎಂದು ಹಾಕಿದರು. ರೋಸ್ ಮೇಲಿಯೂ ಆಲಿವರನೂ ಬೆಂಕಿಗೂಡಿನ ಬಳಿ ಕುಳಿತಿರುವ ಕೊನೆಯ ಚಿತ್ರ ಡಿಕನ್ಸನಿಗೆ ಹಿಡಿಸದೆ, ಅದರ ಬದಲು ಇಗರ್ಜಿಯೊಳಗಿನ ಚಿತ್ರ ಬಂತು. ಎರಡೂ ಬದಲಾವಣೆಗಳು ಒಂದೇ ಆವೃತ್ತಿಯೊಳಗಿನವು.

ಶೀರ್ಷಿಕೆಪುಟದ ಮೇಲೆ 'ಎರಡನೆಯ ಆವೃತ್ತಿ', 'ಐದನೆಯ ಆವೃತ್ತಿ' ಎಂದು ಬರೆದುದನ್ನೂ ಅಕ್ಷರಶಃ ನಂಬುವಂತಿಲ್ಲ. ಡಿಕನ್ಸನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ೧೮೬೧ರಲ್ಲಿ ಮೂರು ಸಂಪುಟಗಳಾಗಿ ಬಂದಾಗ ಅದೇ ವರ್ಷದಲ್ಲಿ ಐದು 'ಆವೃತ್ತಿ'ಗಳಾದುವೆಂದು ಶೀರ್ಷಿಕೆಪುಟಗಳು ಹೇಳುತ್ತವೆ. ನಿಜವಾಗಿ ಅವೆಲ್ಲ ಒಂದೇ ಮೊಳೆಜೋಡಣೆಯಿಂದ ತೆಗೆದ ಮುದ್ರಣಗಳು. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಗುತ್ತಿದೆಯೆಂದು ಕಾಣಿಸಲು ಇಂಥ ಮಾತು ಪ್ರಕಾಶಕರಿಗೆ ಅನುಕೂಲವಾಗಿತ್ತು.

ತಪ್ಪಚ್ಚುಗಳೂ ಚಿತ್ರಗಳೂ

ಮೂರನೆಯ ಮೆಟ್ಟಿಲು ಒಳಪುಟಗಳ ಪರೀಕ್ಷೆ. ಇಲ್ಲಿ ಕಂಪೋಸಿಟರನ ತಪ್ಪು ನಮಗೆ ಉಪಕಾರಿ. ೧೮೯೧ರ 'ಟೆಸ್' ಕಾದಂಬರಿಯ ಎರಡನೆಯ ಸಂಪುಟದ ೧೯೯ನೆಯ ಪುಟದಲ್ಲಿ ೩೫ನೆಯ ಅಧ್ಯಾಯವೆಂದು ರೋಮನ್ ಅಂಕಿಯಲ್ಲಿ ಇರಬೇಕಾದಲ್ಲಿ ಒಂದು ಅಕ್ಷರ ಬಿಟ್ಟುಹೋಗಿ ೨೫ ಎಂದಾಗಿರುವುದು ಮೊದಲ ಮುದ್ರಣದ ಗುರುತು. ಥ್ಯಾಕರೆಯ 'ವ್ಯಾನಿಟಿ ಫೇರ್' ೧೮೪೭ರ ಜನವರಿಯಿಂದ ೧೮೪೮ರ ಜುಲೈವರೆಗೆ ಕಂತುಗಳಲ್ಲಿ ಬಂದಿತು. ಅದರ ಮೊದಲ ಬಿಡುಗಡೆಯಲ್ಲಿ ೩೩೬ನೆಯ ಪುಟದಲ್ಲಿ ಮಾರ್ಕ್ವಿಸ್ ಆಫ್ ಸ್ಟೈನನ ಮರದಚ್ಚಿನ ಚಿತ್ರವಿದೆ. ಆಮೇಲೆ ಅದನ್ನು ತೆಗೆದುಹಾಕಿದರು. ೪೫೩ನೆಯ ಪುಟದಲ್ಲಿ 'ಸರ್ ಪಿಟ್' ಎಂದಿರಬೇಕಾದಲ್ಲಿ 'ಮಿಸ್ಟರ್ ಪಿಟ್' ಎಂದಿದೆ. 'ಪಿಕ್‌ವಿಕ್' ಗ್ರಂಥದ ಚಿತ್ರ ಕೆತ್ತಿದ ಶೀರ್ಷಿಕೆಪುಟದಲ್ಲಿ ಅಂಗಡಿಯ ಫಲಕದ ಮೇಲಿನ ವೆಲ್ಲರ್ ಎಂಬ ಹೆಸರು ಮೊದಲು 'ವೀ' ಅಕ್ಷರದಿಂದಲೂ ಆಮೇಲೆ 'ಡಬ್ಲ್ಯೂ' ಅಕ್ಷರದಿಂದಲೂ ಆರಂಭವಾಗುತ್ತದೆ. ನಮ್ಮ ಲಿಪಿಯಲ್ಲಿ ಎರಡಕ್ಕೂ ಒಂದೇ ವಕಾರವಾದ್ದರಿಂದ ಮೂಲದ ಪುಟವನ್ನೇ ಕಣ್ಣಿಟ್ಟು ನೋಡಬೇಕು.

ಆದರೆ ತಪ್ಪಚ್ಚೊಂದು ಸಿಕ್ಕಿದೊಡನೆ ವಿಜಯಘೋಷ ಮಾಡಲಾಗದು. ಕಂತುಗಳು ಜನಪ್ರಿಯವಾದ ಹಾಗೆಲ್ಲ ಹಿಂದಿನ ಕಂತುಗಳನ್ನು ಮತ್ತೆ ಅಚ್ಚು ಹಾಕುತ್ತಿದ್ದರು. ಒಂದೇ ಬೈಂಡಿನೊಳಗೆ ಮೊದಲ ಮುದ್ರಣದ ಕೆಲವು ಕಂತುಗಳೂ ಅನಂತರದ ಮುದ್ರಣದ ಕೆಲವು ಕಂತುಗಳೂ ಕೂಡಿಕೊಂಡಿರುವುದುಂಟು. ಒಂದು ಪುಟದ ತಪ್ಪು ಆ ಫಾರಮಿನ ಮಟ್ಟಿಗೆ ಮಾತ್ರ ಸಾಕ್ಷಿ ಹೇಳುತ್ತದೆ. ಇಡೀ ಪುಸ್ತಕದ ಪರವಾಗಿ ಹೇಳುವುದಿಲ್ಲ.

ರಟ್ಟು, ಜಾಹೀರಾತು, ಕಾಗದ

ಪ್ರಕಾಶಕನೇ ಬಟ್ಟೆ ಹೊದಿಸಿದ ರಟ್ಟು ಹಾಕಿಸಿ ಪುಸ್ತಕ ಮಾರುವ ಪದ್ಧತಿ ೧೮೨೦ರ ದಶಕದಲ್ಲಿ ಆರಂಭವಾಯಿತು. ಬಟ್ಟೆಯ ಮೇಲೆ ಚಿನ್ನದ ಅಕ್ಷರಗಳನ್ನು ಒತ್ತುವುದು ೧೮೩೦ರ ದಶಕದಲ್ಲಿ ಬಳಕೆಗೆ ಬಂತು. ಅಚ್ಚಾದ ಹಾಳೆಗಳನ್ನೆಲ್ಲ ಒಮ್ಮೆಗೇ ಬೈಂಡು ಮಾಡಿಸುತ್ತಿರಲಿಲ್ಲ. ಮಾರಾಟ ನೋಡಿಕೊಂಡು ಸ್ವಲ್ಪಸ್ವಲ್ಪವಾಗಿ ಮಾಡಿಸುತ್ತಿದ್ದರು. ಹೀಗಾಗಿ ಒಂದೇ ಮುದ್ರಣದ ಪ್ರತಿಗಳಿಗೆ ಬೇರೆ ಬೇರೆ ಬಣ್ಣದ ಬಟ್ಟೆ ಇರುವುದುಂಟು. ಪುಸ್ತಕದ ಕೊನೆಗೆ ಹೊಲಿದ ಪ್ರಕಾಶಕನ ಪುಸ್ತಕಪಟ್ಟಿಯಲ್ಲಿ ತಿಂಗಳು, ವರ್ಷ ಅಚ್ಚಾಗಿದ್ದರೆ ಅದನ್ನು ಗಮನಿಸಬೇಕು. ಆ ವರ್ಷ ಪುಸ್ತಕದ ವರ್ಷಕ್ಕಿಂತ ಮುಂದಿನದಾದರೆ ಆ ಪ್ರತಿಗೆ ರಟ್ಟು ಕಟ್ಟಿದುದು ತಡವಾಗಿ ಎಂದರ್ಥ. ಹಾಳೆಗಳು ಮೊದಲಿನವೇ ಆಗಿರಬಹುದು. ರಟ್ಟಿನ ಮೇಲೆ ಮೂಡಿಯ ಹಳದಿ ಚೀಟಿಯೋ ಅದನ್ನು ಕಿತ್ತ ಕಲೆಯೋ ಇದ್ದರೆ ಅದನ್ನು ದೋಷವೆಂದು ತಳ್ಳಬಾರದು. ಗ್ರಂಥಾಲಯಗಳೇ ಮುಖ್ಯ ಗಿರಾಕಿಗಳಾಗಿದ್ದ ಕಾಲದ ಪುಸ್ತಕಕ್ಕೆ ಅದು ಸಹಜವಾದ ಲಾಂಛನ.

ಕಾಗದವೂ ಅಚ್ಚುಮೊಳೆಯೂ ಎಷ್ಟು ನಿಷ್ಠುರವಾದ ಸಾಕ್ಷಿಗಳೆಂಬುದನ್ನು ೧೯೩೪ರಲ್ಲಿ ಲೋಕ ಕಂಡಿತು. ಥಾಮಸ್ ಜೆ. ವೈಸ್ ಎಂಬವನು ಇಂಗ್ಲೆಂಡಿನ ಗ್ರಂಥಸಂಗ್ರಾಹಕರಲ್ಲಿ ಅಗ್ರಗಣ್ಯನೆನಿಸಿದ್ದನು. ಅವನ ಮಾತೇ ಪ್ರಮಾಣವೆಂದು ಜನ ನಂಬಿದ್ದ ಕಾಲದಲ್ಲಿ ಜಾನ್ ಕಾರ್ಟರ್, ಗ್ರಹಾಂ ಪೊಲಾರ್ಡ್ ಎಂಬ ಇಬ್ಬರು ತರುಣ ಪುಸ್ತಕ ವ್ಯಾಪಾರಿಗಳು ಅಪೂರ್ವವೆನಿಸಿದ ಕೆಲವು ಕಿರುಹೊತ್ತಗೆಗಳನ್ನು ಪರೀಕ್ಷೆಗೆ ಒಡ್ಡಿದರು. ಅವುಗಳಲ್ಲೊಂದು ಶ್ರೀಮತಿ ಬ್ರೌನಿಂಗಳ ಸಾನೆಟ್ಟುಗಳ ಪುಸ್ತಿಕೆ. ಅದರ ಮೇಲೆ ರೆಡಿಂಗ್, ೧೮೪೭ ಎಂದಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಲಾಗಿ ಅದರ ಕಾಗದದಲ್ಲಿ ರಾಸಾಯನಿಕ ವಿಧಾನದಿಂದ ತಯಾರಿಸಿದ ಮರದ ತಿರುಳು ಕಂಡುಬಂತು. ಅಂಥ ತಿರುಳು ಇಂಗ್ಲೆಂಡಿನ ಕಾಗದಕ್ಕೆ ಬಂದುದು ೧೮೭೪ರ ಸುಮಾರಿಗೆ. ಮೊಳೆಯ ಆಕಾರವೂ ೧೮೮೦ಕ್ಕಿಂತ ಈಚಿನದು. ಪುಸ್ತಿಕೆ ಖೋಟಾ ಎಂದು ಸಿದ್ಧವಾಯಿತು. ಇಂಥ ಅನೇಕ ಖೋಟಾ ಪುಸ್ತಿಕೆಗಳ ಹಿಂದೆ ವೈಸನ ಕೈಯಿದ್ದುದು ಆಮೇಲೆ ಸ್ಥಿರಪಟ್ಟಿತು. ವ್ಯಕ್ತಿಯ ಕೀರ್ತಿ ಸಾಕ್ಷ್ಯಕ್ಕೆ ಬದಲಾಗಲಾರದು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ನಮ್ಮಲ್ಲಿ ದೊರೆಯುವ ಪ್ರತಿಗಳು

ಇನ್ನು ನಮ್ಮ ಕಪಾಟುಗಳಲ್ಲಿರುವ ಪುಸ್ತಕಗಳ ಮಾತು. ಇವುಗಳಲ್ಲಿ ಒಂದು ವರ್ಗ ವಸಾಹತು ಆವೃತ್ತಿಗಳದು. ಮ್ಯಾಕ್‌ಮಿಲನ್ ಸಂಸ್ಥೆ ೧೮೮೬ರಲ್ಲಿ ವಸಾಹತು ಗ್ರಂಥಮಾಲೆಯನ್ನು ಆರಂಭಿಸಿತು. ಇತರ ಪ್ರಕಾಶಕರೂ ಹಿಂಬಾಲಿಸಿದರು. ಇವು ಇಂಡಿಯಾದಲ್ಲಿಯೂ ಇತರ ವಸಾಹತುಗಳಲ್ಲಿಯೂ ಮಾತ್ರ ಮಾರಾಟಕ್ಕೆಂದು ಸಿದ್ಧವಾದ ಅಗ್ಗದ ಪ್ರತಿಗಳು. ಆ ಮಾತು ಪುಸ್ತಕದಲ್ಲೇ ಅಚ್ಚಾಗಿರುತ್ತದೆ. ಕೆಲವಕ್ಕೆ ಇಂಗ್ಲೆಂಡಿನ ಆವೃತ್ತಿಯ ಹಾಳೆಗಳನ್ನೇ ಬಳಸಿದ್ದಾರೆ. ಆದುದರಿಂದ ಇವನ್ನು ಲಂಡನ್ನಿನ ಪ್ರಥಮಾವೃತ್ತಿಯೆಂದೂ ಕರೆಯಬಾರದು, ಬರಿಯ ಮರುಮುದ್ರಣವೆಂದು ಎಸೆಯಲೂ ಬಾರದು. ನಮ್ಮ ಹಿರಿಯರು ಯಾವ ರೂಪದಲ್ಲಿ ಇಂಗ್ಲಿಷ್ ಕಾದಂಬರಿಯನ್ನು ಓದಿದರೆಂಬುದಕ್ಕೆ ಇವೇ ದಾಖಲೆ.

ಲೈಪ್‌ಜಿಗ್ ಎಂಬ ಊರಿನ ಹೆಸರಿದ್ದರೆ ಅದು ಟೌಖ್ನಿಟ್ಸ್ ಮಾಲೆಯ ಪುಸ್ತಕ. ೧೮೪೧ರಲ್ಲಿ ಆರಂಭವಾದ ಈ ಮಾಲೆ ಯೂರೋಪು ಖಂಡದ ಓದುಗರಿಗಾಗಿ ಹೊರಡುತ್ತಿತ್ತು. ೧೯೦೬ರಲ್ಲಿ ಆರಂಭವಾದ ಎವೆರಿಮನ್ಸ್ ಲೈಬ್ರರಿಯ ಪ್ರತಿಗಳು ನಮ್ಮ ಶಾಲೆಗಳಿಗೆ ಹೆಚ್ಚು ಪರಿಚಿತ. ಈ ಆವೃತ್ತಿ ಮೊದಲು ಹೊರಟುದು ಇಂಥ ವರ್ಷದಲ್ಲಿ ಎಂಬ ಸೂಚನೆ ಅವುಗಳಲ್ಲಿ ಇರುತ್ತದೆ. ಅದು ಆ ಮಾಲೆಗೆ ಕೃತಿ ಸೇರಿದ ವರ್ಷವೇ ಹೊರತು ಕೃತಿ ಹುಟ್ಟಿದ ವರ್ಷವಲ್ಲ.

ಮೇಲಿನದನ್ನು ಸಂಗ್ರಹಿಸಿ ಹೇಳುವುದಾದರೆ, ಕ್ರಮ ಹೀಗಿರಲಿ. ಮೊದಲು ಕೃತಿ ಯಾವ ವರ್ಷ, ಯಾರಿಂದ, ಎಷ್ಟು ಸಂಪುಟಗಳಲ್ಲಿ ಹೊರಟಿತೆಂದು ತಿಳಿಯಬೇಕು. ಆಮೇಲೆ ಶೀರ್ಷಿಕೆಪುಟವನ್ನೂ ಅದರ ಬೆನ್ನುಪುಟವನ್ನೂ ಓದಬೇಕು. ಪುಟಸಂಖ್ಯೆಯನ್ನೂ ಚಿತ್ರಗಳನ್ನೂ ಎಣಿಸಬೇಕು. ತಿಳಿದ ತಪ್ಪಚ್ಚುಗಳನ್ನು ಹುಡುಕಬೇಕು. ರಟ್ಟು, ಜಾಹೀರಾತು, ಹಿಂದಿನ ಮಾಲೀಕರ ಸಹಿ, ಮೊಹರುಗಳನ್ನು ಬರೆದುಕೊಳ್ಳಬೇಕು. ದೊಡ್ಡ ಗ್ರಂಥಾಲಯಗಳು ತಮ್ಮ ಪ್ರಥಮಾವೃತ್ತಿಗಳನ್ನು ಪುಟಪುಟವಾಗಿ ಚಿತ್ರ ತೆಗೆದು ಇಂಟರ್ನೆಟ್ಟಿನಲ್ಲಿ ಇಟ್ಟಿರುವುದರಿಂದ, ಹಿಂದೆ ಲಂಡನ್ನಿಗೆ ಹೋಗದೆ ಆಗದಿದ್ದ ಹೋಲಿಕೆಯ ಕೆಲಸ ಇಂದು ಹಳ್ಳಿಯ ಶಾಲೆಯಲ್ಲಿ ಕುಳಿತೇ ಸಾಧ್ಯವಿದೆ. ಎಲ್ಲ ಸಾಕ್ಷಿಗಳೂ ಒಂದೇ ಮಾತು ಹೇಳಿದಾಗ ಮಾತ್ರ ತೀರ್ಮಾನ. ಒಂದು ಸಾಕ್ಷಿ ತಪ್ಪಿದರೂ ತೀರ್ಮಾನವನ್ನು ತಡೆಹಿಡಿಯುವುದೇ ಲೇಸು.

ಈ ವಿದ್ಯೆ ಇಂಗ್ಲಿಷ್ ಪುಸ್ತಕಕ್ಕಷ್ಟೇ ಮೀಸಲಲ್ಲ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಗಿ ಹೊರಬಂದುದು ೧೮೯೯ರಲ್ಲಿ. ಅದೂ ವಿಕ್ಟೋರಿಯಾ ಕಾಲದ ಕಾದಂಬರಿಯೇ. ಕಾಸರಗೋಡು ಆಗ ಅದೇ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆದವಾನಿ, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯಲ್ಲಿದ್ದುವು. ಈ ಪ್ರದೇಶಗಳೆಲ್ಲ ಮದ್ರಾಸು ಪ್ರಾಂತ್ಯಕ್ಕೂ, ಸೊಲ್ಲಾಪುರ ಮುಂಬಯಿ ಪ್ರಾಂತ್ಯಕ್ಕೂ ಸೇರಿದ್ದುವು. ೧೮೬೭ರ ೨೫ನೆಯ ಕಾಯಿದೆಯಂತೆ ಪ್ರಾಂತ್ಯದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಹೆಸರು, ಮುದ್ರಕ, ಹೊರಟ ದಿನ, ಪುಟಗಳು, ಎಷ್ಟನೆಯ ಆವೃತ್ತಿ, ಎಷ್ಟು ಪ್ರತಿ, ಬೆಲೆ ಎಂಬ ವಿವರಗಳನ್ನು ನೋಂದಾಯಿಸಿ, ಮೂರು ತಿಂಗಳಿಗೊಮ್ಮೆ ಪಟ್ಟಿ ಪ್ರಕಟಿಸಬೇಕಾಗಿತ್ತು. ಡಿಕನ್ಸನ ಪ್ರತಿಗಳ ಲೆಕ್ಕವನ್ನು ಪ್ರಕಾಶಕರ ಖಾತೆಗಳಲ್ಲಿ ಹುಡುಕಬೇಕಾದ ಇಂಗ್ಲಿಷ್ ಸಂಶೋಧಕನಿಗಿಲ್ಲದ ಅನುಕೂಲ ಇದು. ನಮ್ಮ ಕೈಯಲ್ಲಿರುವ ಹಳೆಯ ಕನ್ನಡ ಪುಸ್ತಕವನ್ನು ಈ ಪಟ್ಟಿಗಳೊಡನೆ ಇಟ್ಟು ನೋಡಿದರೆ ಅದು ಎಷ್ಟನೆಯ ಆವೃತ್ತಿಯೆಂದು ತೀರ್ಮಾನಿಸಲು ಬಲವಾದ ಆಧಾರ ದೊರೆಯುತ್ತದೆ.

ಗಡಿನಾಡಿನಲ್ಲಿ ಕನ್ನಡ ಶಾಲೆಯೊಂದು ಮುಚ್ಚಿದಾಗ ಅಥವಾ ಇನ್ನೊಂದರೊಡನೆ ಕೂಡಿದಾಗ ಮೊದಲು ಚದರಿಹೋಗುವುದು ಅದರ ಪುಸ್ತಕದ ಕಪಾಟು. ರದ್ದಿಯ ಪಟ್ಟಿಗೆ ಸಹಿ ಬೀಳುವ ಮೊದಲು ಅಧ್ಯಾಪಕ ಬಂಧುಗಳು ಪ್ರತಿಯೊಂದು ಹಳೆಯ ಪುಸ್ತಕದ ಶೀರ್ಷಿಕೆಪುಟವನ್ನೂ ಅದರ ಬೆನ್ನುಪುಟವನ್ನೂ ಓದಿ, ವಿವರಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಲೆಂದು ನಮ್ಮ ಬಿನ್ನಹ. ನೂರು ಪುಸ್ತಕಗಳಲ್ಲಿ ತೊಂಬತ್ತೊಂಬತ್ತು ಸಾಮಾನ್ಯ ಮರುಮುದ್ರಣಗಳೇ ಆಗಿರಬಹುದು. ಆದರೂ ಆ ನೂರರ ಪಟ್ಟಿ, ನಮ್ಮ ಊರುಗಳಲ್ಲಿ ಯಾರು, ಯಾವಾಗ, ಏನನ್ನು ಓದುತ್ತಿದ್ದರೆಂಬುದರ ಚರಿತ್ರೆಯಾಗಿ ಉಳಿಯುತ್ತದೆ.